ಮಷೀನಿನ ಕೆಳಗಿನ ಮರಿ

ನಮ್ಮ ಭಾವ ತಾವರೆಕೆರೆ ಹತ್ತಿರ ಒಬ್ಬರ ತೋಟ ನೋಡಿಕೊಳ್ಳುತ್ತಾರೆ. ಮಾಗಡಿ ರಸ್ತೆಯ ಆ ಕಡೆ ತೋಟದ ಮನೆ ಕಟ್ಟಿಸಿದವರು ನಾಯಿಯ ಜೊತೆಗೆ ಒಂದಷ್ಟು ಹೆಬ್ಬಾತುಗಳನ್ನೂ ಸಾಕುವುದುಂಟು. ಕಾವಲಿಗೆ. ಗೊತ್ತಿಲ್ಲದವರು ಗೇಟಿನ ಹತ್ತಿರ ಬಂದರೆ ಕತ್ತು ನೀಡಿ ಬುಸುಗುಟ್ಟಿ, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತವೆ. ಬಿಸ್ಕತ್ತು ಎಸೆದರೆ ನಾಯಿ ಸುಮ್ಮನಾದೀತು, ಇವು ಆಗುವುದಿಲ್ಲ.

2025ರ ಸಂಕ್ರಾಂತಿ ಕಳೆದ ಮೇಲೆ ಅಲ್ಲೊಂದು ಹೆಬ್ಬಾತು ಕಾವು ಮುಗಿಸಿ ಎದ್ದಿತು. ಕೋಳಿಗಾದರೆ 21 ದಿನ, ಇವಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಕಾವು ಬೇಕು. ತಾಯಿ ಮರಿಗಳನ್ನು ಕರೆದುಕೊಂಡು ಹುಲ್ಲಿಗೆ ಹೊರಟ ಮೇಲೆ ಗೂಡಿನಲ್ಲಿ ಉಳಿದಿದ್ದ ಮೊಟ್ಟೆ ಒಡೆದು ಇನ್ನೊಂದು ಹೊರಗೆ ಬಂತು. ಅದರ ಎರಡು ಕಾಲೂ ಎರಡು ಪಕ್ಕಕ್ಕೆ ಜಾರಿದ್ದವು. ಹೊಟ್ಟೆಯ ಮೇಲೆ ಬಿದ್ದು, ಎದ್ದು ನಿಲ್ಲಲಾರದೆ, ಸಿಮೆಂಟ್ ನೆಲದ ಮೇಲೆ ಒದ್ದಾಡುತ್ತಿತ್ತಂತೆ. ತೋಟದ ಯಜಮಾನರು ನೋಡಿ, "ಬಿಡಿ, ಅದು ಉಳಿಯೋದಲ್ಲ" ಅಂದರು. ಅಕ್ಕನಿಗೆ ಮನಸ್ಸು ಬರಲಿಲ್ಲ. ಟವೆಲ್ಲಿನಲ್ಲಿ ಸುತ್ತಿ, ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದಳು. "ನೀನು ಹೇಗೂ ಮನೇಲೇ ಇರ್ತೀಯಲ್ಲ."

ಮನೆಯಲ್ಲೇ ಇರುವವರಿಗೆ ಕೆಲಸ ಇರುವುದಿಲ್ಲ ಅನ್ನುವುದು ನಮ್ಮ ಅಕ್ಕನೊಬ್ಬಳದೇ ಅಭಿಪ್ರಾಯವೇನಲ್ಲ. ನಾನು ಜ್ಞಾನಭಾರತಿಯಲ್ಲಿ ಬಾಡಿಗೆ ಮನೆಯಲ್ಲಿದ್ದು ಬ್ಲೌಸ್ ಹೊಲಿಯುತ್ತೇನೆ. ಮಾಘ ಮಾಸದಲ್ಲಿ ಮದುವೆಯ ಬಟ್ಟೆ ಬಂದು ಬೀಳುತ್ತವೆ. ಹಾಲ್‌ನಲ್ಲಿ ಮಷೀನು, ಕಿಟಕಿಯ ಕೆಳಗೆ ಕತ್ತರಿಸುವ ಮೇಜು. ನಮ್ಮ ಯಜಮಾನರು ಆಟೋ ಓಡಿಸುತ್ತಾರೆ. ಅತ್ತೆ ಕುಣಿಗಲ್ ಕಡೆಯವರು, ಊರಲ್ಲಿ ಕೋಳಿ ಸಾಕಿದವರು. ಮರಿಯನ್ನು ಅಂಗೈಯಲ್ಲಿ ಮಗುಚಿ ನೋಡಿ, "ಇವತ್ತು ರಾತ್ರಿ ಕಳೆದರೆ ನೋಡೋಣ ಕಣವ್ವ" ಅಂದರು.

ಆ ರಾತ್ರಿ ಕಳೆಯಲು ಮೊದಲು ಬೇಕಾದದ್ದು ಬಿಸಿ. ಬೆಂಗಳೂರಿನ ಜನವರಿಯಲ್ಲಿ ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿಗೆ ಇಳಿಯುತ್ತದೆ. ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಸಾವಿರ ಎಕರೆಗೂ ಮಿಗಿಲಾದ ಮರಗಿಡ ನಮ್ಮ ಬೆನ್ನಿಗೇ ಇರುವುದರಿಂದ ಚಳಿ ಇನ್ನೊಂದು ಹಿಡಿ ಜಾಸ್ತಿ. ಹೊಸ ಮರಿಗೆ ಬೇಕಾದದ್ದು ಮೂವತ್ತೆರಡರ ಮೇಲೆ. ಊರಲ್ಲಾದರೆ ಬುಟ್ಟಿಯ ಮೇಲೆ ಗುಂಡು ಬಲ್ಬು ತೂಗುಬಿಟ್ಟರೆ ಆಯಿತು. ನಮ್ಮ ಮನೆಯಲ್ಲಿ ಇರುವುದೆಲ್ಲ ಎಲ್‌ಇಡಿ. ಅವು ಬೆಳಕು ಕೊಡುತ್ತವೆ, ಬಿಸಿ ಕೊಡುವುದಿಲ್ಲ. ಯಜಮಾನರು ಆಟೋದಲ್ಲಿ ನಾಗರಬಾವಿ, ವಿಜಯನಗರ ಸುತ್ತಿ ಕೇಳಿದ ಕಡೆಯೆಲ್ಲ, "ಅದೆಲ್ಲ ಈಗ ಯಾರು ತಗೋತಾರೆ ಅಣ್ಣ" ಅನ್ನಿಸಿಕೊಂಡರು. ಕೊನೆಗೆ ಒಂದು ಹಳೆಯ ಎಲೆಕ್ಟ್ರಿಕ್ ಅಂಗಡಿಯ ಅಟ್ಟದಲ್ಲಿ ಅರವತ್ತು ವ್ಯಾಟಿನ ಬಲ್ಬು ಸಿಕ್ಕಿತು. ಅಂಗಡಿಯವರು ಧೂಳು ಒರೆಸಿ, ಹಚ್ಚಿ ತೋರಿಸಿ, ಎರಡು ಕೊಟ್ಟರಂತೆ. ಅದು ಬರುವ ತನಕ ಬಾಟಲಿಗೆ ಬಿಸಿನೀರು ತುಂಬಿ, ಲೈನಿಂಗ್ ಬಟ್ಟೆ ಸುತ್ತಿ ಮರಿಯ ಪಕ್ಕದಲ್ಲಿ ಇಟ್ಟಿದ್ದೆ. ನೀರು ಆರಿದ್ದು ಅದರ ಕೂಗಿನಿಂದಲೇ ತಿಳಿಯುತ್ತಿತ್ತು.

ಕೂಗು ಅಂದೆನಲ್ಲ, ಈ ಕಥೆಯಲ್ಲಿ ನಿಜವಾಗಿ ಕಷ್ಟವಾದದ್ದು ಅದು. ಔಷಧಿಯಲ್ಲ, ಊಟವಲ್ಲ. ಹೆಬ್ಬಾತಿನ ಮರಿ ಒಂಟಿಯಾಗಿ ಇರಲಾರದು. ಕಣ್ಣಿಗೆ ಯಾರೂ ಬೀಳದಿದ್ದರೆ ಒಂದೇ ಸಮನೆ ಕೀರಲು ದನಿಯಲ್ಲಿ ಕರೆಯುತ್ತದೆ. ಅನ್ನಕ್ಕೆ ಇಡಲು ಅಡುಗೆಮನೆಗೆ ಹೋದರೆ ಕೂಗು, ಬಚ್ಚಲಿಗೆ ಹೋದರೆ ಕೂಗು. ರಾತ್ರಿ ಬಲ್ಬಿನ ಕೆಳಗೆ ಬೆಚ್ಚಗಿದ್ದರೂ ನಡುವೆ ಎಚ್ಚರಾಗಿ ಕೂಗು. ನಾನು ಚಾಪೆ ಹಾಸಿಕೊಂಡು ಮರಿಯನ್ನಿಟ್ಟಿದ್ದ ಪೆಟ್ಟಿಗೆಯ ಪಕ್ಕದಲ್ಲೇ ಮಲಗಿ, ಕೈಯನ್ನು ಒಳಗೆ ಇಳಿಬಿಡುತ್ತಿದ್ದೆ. ಅದು ಬೆರಳುಗಳ ಮಧ್ಯೆ ತಲೆ ತೂರಿಸಿ ಮಲಗುತ್ತಿತ್ತು. ಕೈ ಜೋಮು ಹಿಡಿದು ಎಳೆದುಕೊಂಡರೆ ಮತ್ತೆ ಶುರು. ಮಗಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಓದಿದಳು.

ಒಂದು ಉಪಾಯ ತಾನಾಗಿಯೇ ಸಿಕ್ಕಿತು. ಮಷೀನು ಓಡುತ್ತಿರುವಾಗ ಮರಿ ಸುಮ್ಮನಿರುತ್ತದೆ. ಪೆಟ್ಟಿಗೆಯನ್ನು ಮಷೀನಿನ ಕೆಳಗೆ, ನನ್ನ ಎಡಗಾಲಿನ ಪಕ್ಕಕ್ಕೆ ಎಳೆದಿಟ್ಟೆ. ಮೋಟಾರಿನ ಗುಂಯ್‌ಗುಡುವ ಸದ್ದಿಗೋ, ಕಾಲು ಕಾಣುತ್ತಿದ್ದುದಕ್ಕೋ, ನಿದ್ದೆ ಮಾಡುತ್ತಿತ್ತು. ಹುಕ್ಸ್ ಹಾಕಲು, ಹೆಮ್ಮಿಂಗ್ ಮಾಡಲು ಮಷೀನು ನಿಲ್ಲಿಸಿದರೆ ಎದ್ದು ಕರೆಯುತ್ತಿತ್ತು. ಹೀಗಾಗಿ ಕೈಹೊಲಿಗೆಯೆಲ್ಲ ಹಿಂದೆ ಬಿತ್ತು. ಎರಡನೆಯ ಉಪಾಯ ಕನ್ನಡಿ. ಗಿರಾಕಿಗಳಿಗೆ ಅಂತ ಇಟ್ಟಿದ್ದ ಹಳೆಯ ಕನ್ನಡಿಯನ್ನು ಪೆಟ್ಟಿಗೆಯ ಒಂದು ಗೋಡೆಗೆ ಒರಗಿಸಿದೆ. ಮರಿ ಅದರೊಳಗಿನ ಮರಿಯ ಪಕ್ಕಕ್ಕೆ ತೆವಳಿಕೊಂಡು ಹೋಗಿ ಒತ್ತಿ ಮಲಗಿತು. ಆವತ್ತು ನಾನು ನೆಟ್ಟಗೆ ಕೂತು ಊಟ ಮಾಡಿದೆ.

ಆದರೆ ಕಾಲು ಹಾಗೇ ಇತ್ತು. ಹತ್ತಿರದ ಒಂದು ಸಾಕುಪ್ರಾಣಿ ಕ್ಲಿನಿಕ್ಕಿನಲ್ಲಿ ನಾಯಿ ಬೆಕ್ಕು ಮಾತ್ರ ನೋಡುತ್ತೇವೆ ಅಂದರು. ಕೋಳಿ ಆಹಾರದ ಅಂಗಡಿಯಲ್ಲಿ ಕೇಳಿದರೆ ಸಾವಿರ ಮರಿ ಇರುವವರ ಲೆಕ್ಕದಲ್ಲಿ ಔಷಧಿ ಹೇಳಿದರು. ಒಂದು ಮರಿಗೆ ಅಂತ ಯಾರೂ ಯೋಚಿಸುವುದಿಲ್ಲ, ಅವರ ವ್ಯಾಪಾರವೇ ಹಾಗೆ. ಕೊನೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೊರಟೆ. 1958ರಿಂದ ಇರುವ ಕಾಲೇಜು, ಹಕ್ಕಿಗಳನ್ನೂ ನೋಡುತ್ತಾರೆ ಅಂತ ಪಕ್ಕದ ಬೀದಿಯಲ್ಲಿ ರೂಮು ಮಾಡಿಕೊಂಡಿದ್ದ ಪ್ರಾಣಿಶಾಸ್ತ್ರದ ಹುಡುಗಿ ಹೇಳಿದ್ದಳು. ರಿಂಗ್ ರೋಡಿನ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿದ್ದೇ ಮರಿ ಕೂಗತೊಡಗಿತು. ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಂಡಕ್ಟರ್ ಇಣುಕಿ ನೋಡಿ, "ಇದಕ್ಕೆ ಟಿಕೆಟ್ ಬೇಡ ಬಿಡಮ್ಮ, ಸೀಟು ತಗೊಂಡಿಲ್ಲ" ಅಂದರು.

ವೈದ್ಯರು ಮರಿಯನ್ನು ಮೇಜಿನ ಮೇಲೆ ಬಿಡದೆ ಮೊದಲು ಒಂದು ಗೋಣಿತಾಟು ಹಾಸಿದರು. ಕಾಲು ಜಾರುವ ನೆಲದ ಮೇಲೆ ಇಂಥ ಮರಿಯನ್ನು ಒಂದು ಗಳಿಗೆಯೂ ಬಿಡಬಾರದು, ಪೇಪರ್ ಹಾಸುವುದಂತೂ ಬೇಡವೇ ಬೇಡ ಅಂದರು. ಮೂಳೆ ಮುರಿದಿಲ್ಲ, ಕೀಲು ಕಳಚಿಲ್ಲ, ಕಾಲು ಅಗಲಿಸಿಕೊಂಡಿದೆ ಅಷ್ಟೆ. ಎಲುಬು ಇನ್ನೂ ಮೆತ್ತಗಿರುವಾಗಲೇ ಕಟ್ಟಿದರೆ ಸರಿಹೋಗುತ್ತದೆ, ತಡವಾದರೆ ಹಾಗೇ ಗಟ್ಟಿಯಾಗುತ್ತದೆ. ಆಮೇಲೆ, "ಏನು ತಿನ್ನಿಸುತ್ತಿದ್ದೀರಿ?" ಅಂತ ಕೇಳಿದರು. ನುಚ್ಚಕ್ಕಿ ಅಂದೆ. ಅತ್ತೆ ಕೋಳಿಮರಿಗೆ ಜೀವನವಿಡೀ ಹಾಕಿದ್ದು ಅದನ್ನೇ.

ಅಲ್ಲಿ ತಿಳಿದ ವಿಷಯ ನನಗೆ ಹೊಸದು. ಬಾತು, ಹೆಬ್ಬಾತುಗಳ ಮರಿಗಳಿಗೆ ನಿಯಾಸಿನ್ ಅನ್ನುವ ಬಿ ಜೀವಸತ್ವ ಕೋಳಿಮರಿಗಿಂತ ಸುಮಾರು ಎರಡರಷ್ಟು ಬೇಕು. ಕೋಳಿಮರಿಯ ಆಹಾರದಲ್ಲಿ ಕಿಲೋಗೆ ಮೂವತ್ತು ಮಿಲಿಗ್ರಾಂ ಆಸುಪಾಸು ಇದ್ದರೆ ನಡೆಯುತ್ತದೆ, ಹೆಬ್ಬಾತಿನ ಮರಿಗೆ 65ರಷ್ಟು. ಪಾಲಿಶ್ ಮಾಡಿದ ಅಕ್ಕಿಯ ನುಚ್ಚಿನಲ್ಲಿ ಅಷ್ಟು ಸಿಗುವುದಿಲ್ಲ. ಅದು ಸಾಲದಿದ್ದರೆ ಕಾಲು ಬಾಗುತ್ತವೆ, ಹಿಮ್ಮಡಿಯ ಕೀಲು ಊದಿಕೊಳ್ಳುತ್ತದೆ. ಮರಿ ನಡೆಯಲಾರದೆ ತಟ್ಟೆಯ ತನಕ ಹೋಗದು, ಹೋಗದಿದ್ದರೆ ತಿನ್ನದು. ಹಾಗಾಗಿ ಕೋಳಿಮರಿಯ ಸ್ಟಾರ್ಟರ್ ಫೀಡು ನೆನೆಸಿ ಕೊಡಿ, ಬಿ ಕಾಂಪ್ಲೆಕ್ಸ್ ಹನಿಯನ್ನು ನೀರಿಗೆ ಹಾಕಿ, ಎಳೆ ಹುಲ್ಲು ಸಣ್ಣಗೆ ಹೆಚ್ಚಿ ಹಾಕಿ, ಜೊತೆಗೆ ಒಂದು ಚಿಟಿಕೆ ದಪ್ಪ ಮರಳು ಅಂದರು. ಹಲ್ಲಿಲ್ಲದ ಹಕ್ಕಿಗೆ ಹುಲ್ಲು ಅರೆಯಲು ಹೊಟ್ಟೆಯೊಳಗೆ ಆ ಕಲ್ಲೇ ಬೇಕು. ಅತ್ತೆಗೆ ಬಂದು ಹೇಳಿದರೆ, "ನಮ್ಮ ನುಚ್ಚು ತೌಡು ಸಮೇತ ಇರೋದು, ನಿಮ್ಮ ಬೆಂಗಳೂರು ನುಚ್ಚು ಬರೀ ಬಿಳುಪು" ಅಂದರು. ಅವರ ಮಾತೂ ಸುಳ್ಳಲ್ಲ.

ಕಾಲು ಕಟ್ಟುವುದನ್ನು ವೈದ್ಯರು ಒಮ್ಮೆ ಮಾಡಿ ತೋರಿಸಿದ್ದರು. ಮೊದಲ ರಾತ್ರಿಯೇ ಅದು ನೆನೆದು ಬಿಟ್ಟುಕೊಂಡಿತು. ಆಮೇಲಿನದೆಲ್ಲ ನನ್ನ ಕೈಕೆಲಸ. ಮರಿಯ ಕಾಲು ನನ್ನ ಕಿರುಬೆರಳಿಗಿಂತ ಸಣ್ಣದು. ಮೇಲಿನ ಚರ್ಮ ಹಸಿ ಎಲೆಯಷ್ಟು ತೆಳು, ಒಳಗಿನ ನರ ಕಾಣುವಂಥದ್ದು. ಅಂಟುಪಟ್ಟಿಯನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಹತ್ತಿಯಿರುವ ನಡುಭಾಗವನ್ನು ಎರಡು ಕಾಲಿನ ಮಧ್ಯಕ್ಕೆ ಬಿಟ್ಟು, ಒಂದೊಂದು ತುದಿಯನ್ನು ಒಂದೊಂದು ಕಾಲಿಗೆ ಸುತ್ತಬೇಕು. ಕಾಲುಗಳ ನಡುವಿನ ಅಂತರ ಅದರ ಸೊಂಟದ ಅಗಲದಷ್ಟೇ ಇರಬೇಕು. ಹತ್ತಿರವಾದರೆ ಮುಗ್ಗರಿಸುತ್ತದೆ, ದೂರವಾದರೆ ಮತ್ತೆ ಜಾರುತ್ತದೆ. ತೋಳಿನ ಸುತ್ತಳತೆ ನೋಡಿ ಅರ್ಧ ನೂಲು ಬಿಡುವ ಕೈ ನನ್ನದು, ಆದರೆ ಅಳತೆ ಕೊಡುವವರು ಹೀಗೆ ಒದೆಯುವುದಿಲ್ಲ. ಮಗಳು ಮರಿಯನ್ನು ಅಂಗಾತ ಹಿಡಿದುಕೊಳ್ಳುತ್ತಿದ್ದಳು. ಸುತ್ತಿದ ಮೇಲೆ ಕಾಲಿನ ಬೆರಳನ್ನು ಒತ್ತಿ ನೋಡುತ್ತಿದ್ದೆ: ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸರಿ, ನೀಲಿಗೆ ತಿರುಗಿದರೆ ಬಿಗಿಯಾಯಿತು ಅಂತ. ಬಿಚ್ಚುವಾಗ ಚರ್ಮ ಕಿತ್ತು ಬರದಿರಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಿ ನೆನೆಸಿ ತೆಗೆಯುತ್ತಿದ್ದೆ. ಮರಿ ಬೆಳೆಯುವ ವೇಗಕ್ಕೆ ಪಟ್ಟಿ ಬೇಗ ಬಿಗಿಯಾಗುತ್ತಿತ್ತು. ಎಷ್ಟು ಸಲ ಕಟ್ಟಿ ಬಿಚ್ಚಿದೆನೋ.

ಒಂದು ಮಧ್ಯಾಹ್ನ ರೇಷ್ಮೆ ಬ್ಲೌಸಿಗೆ ಪೈಪಿಂಗ್ ಕೂರಿಸುತ್ತಿದ್ದೆ. ಕಾಲಿಗೆ ಏನೋ ತಗುಲಿದಂತಾಯಿತು. ಬಗ್ಗಿ ನೋಡಿದರೆ ಮರಿ ಪೆಟ್ಟಿಗೆಯ ಅಂಚು ದಾಟಿ ಬಂದು ನನ್ನ ಪಾದದ ಮೇಲೆ ನಿಂತಿತ್ತು. ಓಲಾಡುತ್ತಿತ್ತು, ಆದರೆ ನಿಂತಿತ್ತು. ಕೂಗಿ ಅತ್ತೆಯನ್ನು ಕರೆದೆ. ಅವರು ಬರುವಷ್ಟರಲ್ಲಿ ಅಲ್ಲೇ ಹಿಕ್ಕೆ ಹಾಕಿ, ಕೆಳಗೆ ಇಳಿಬಿದ್ದಿದ್ದ ಸೀರೆಯ ತುಂಡಿಗೂ ಸಿಡಿಸಿತ್ತು. ಆ ಗಿರಾಕಿ ಮತ್ತೆ ಬರಲಿಲ್ಲ.

ನಿಂತ ಮೇಲೆ ಎಲ್ಲರಿಗೂ ಅದನ್ನು ನೀರಿಗೆ ಬಿಡುವ ಆಸೆ. ಬಾತಲ್ಲವೇ, ಈಜಲಿ ಅಂತ. ತಾಯಿಯ ರೆಕ್ಕೆಯಡಿ ಇರುವ ಮರಿಗೆ ಅವಳ ಗರಿಯ ಎಣ್ಣೆ ಹತ್ತಿರುತ್ತದೆ, ಪೆಟ್ಟಿಗೆಯಲ್ಲಿ ಬೆಳೆದದ್ದಕ್ಕೆ ಅದಿಲ್ಲ. ನೀರಿಗೆ ಬಿಟ್ಟರೆ ತುಪ್ಪಳ ತೊಯ್ದು ಚಳಿಗೇ ಸತ್ತುಹೋಗುತ್ತದೆ ಅಂತ ವೈದ್ಯರು ಮೊದಲೇ ಎಚ್ಚರಿಸಿದ್ದರು. ಕುಡಿಯುವ ಬಟ್ಟಲಿಗೂ ಗೋಲಿಗಳನ್ನು ಹಾಕಿದ್ದೆ, ಮೂಗಿನ ಹೊಳ್ಳೆ ಮುಳುಗುವಷ್ಟು ನೀರು ಸಿಗಬೇಕು, ಮೈ ಮುಳುಗಬಾರದು. ಹೊರಗೆ ಬಿಡಲೂ ಭಯ. ಕ್ಯಾಂಪಸ್ ಕಡೆಯಿಂದ ಹದ್ದುಗಳು ನಮ್ಮ ತಾರಸಿಯ ಮೇಲೇ ಸುತ್ತುತ್ತವೆ, ಕಾಂಪೌಂಡಿನ ಬುಡದಲ್ಲಿ ಮುಂಗುಸಿ ಓಡಾಡುತ್ತದೆ. ಬಿಸಿಲಿಗೆ ಬಿಟ್ಟಾಗ ಅತ್ತೆ ಕೋಲು ಹಿಡಿದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಆ ಪ್ರಾಣಿಶಾಸ್ತ್ರದ ಹುಡುಗಿ ಒಂದು ಸಂಜೆ ಬಂದು, ಮರಿ ನನ್ನ ಹಿಂದೆ ಅಡುಗೆಮನೆಗೂ ಹಾಲ್‌ಗೂ ಓಡಾಡುವುದನ್ನು ನೋಡಿ ನಕ್ಕಳು. ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ ಎಂಬ ವಿಜ್ಞಾನಿಯ ಹಿಂದೆ ಹೆಬ್ಬಾತಿನ ಮರಿಗಳು ಹೀಗೇ ಹೋಗುತ್ತಿದ್ದವಂತೆ. ಮೊಟ್ಟೆಯಿಂದ ಬಂದ ಮೊದಲ ಗಂಟೆಗಳಲ್ಲಿ ಕಣ್ಣೆದುರು ಓಡಾಡಿದ್ದನ್ನೇ ಅವು ತಾಯಿ ಅಂದುಕೊಳ್ಳುತ್ತವೆ ಅಂತ ಅವರು ತೋರಿಸಿಕೊಟ್ಟರು, 1973ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು ಅಂತ ಹೇಳಿದಳು. "ಹುಷಾರು ಅಕ್ಕ, ಜಾಸ್ತಿ ಹಚ್ಚಿಕೊಂಡ್ರೆ ಆಮೇಲೆ ಹಿಂಡಿಗೆ ಸೇರಲ್ಲ." ನೊಬೆಲ್ ಬಂದವರಿಗೆ ಬ್ಲೌಸ್ ಆರ್ಡರ್ ಇತ್ತೋ ಇಲ್ಲವೋ. ರಾತ್ರಿ ಕೈ ಇಳಿಬಿಡದಿದ್ದರೆ ಅದು ಉಳಿಯುತ್ತಿರಲಿಲ್ಲ, ಇಳಿಬಿಟ್ಟಿದ್ದರಿಂದ ನನ್ನನ್ನು ಬಿಡದಾಯಿತು. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವ ದಾರಿ ನನಗೆ ಕಾಣಲಿಲ್ಲ.

ವಾಪಸು ಕಳಿಸಬೇಕು ಅನ್ನುವ ಹೊತ್ತಿಗೆ ಹಕ್ಕಿಜ್ವರ ಬಂತು. ಫೆಬ್ರುವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಖಚಿತವಾಗಿದೆ ಅಂತ ಟಿವಿಯಲ್ಲಿ ಬಂದ ದಿನವೇ ಮಹಡಿಯ ಮೇಲಿಂದ ಮನೆ ಓನರ್ ಇಳಿದು ಬಂದರು. "ನೋಡಮ್ಮ, ಮಕ್ಕಳಿರೋ ಮನೆ. ಅದನ್ನ ಎಲ್ಲಾದರೂ ಬಿಟ್ಟುಬಿಡಿ." ಕೆರೆಗೆ ಬಿಡಿ, ಕ್ಯಾಂಪಸ್ಸಿನೊಳಗೆ ಬಿಡಿ ಅಂತ ಬೀದಿಯವರ ಸಲಹೆ. ಬೀದಿನಾಯಿಗಳಿಗೆ ಒಂದು ರಾತ್ರಿಯ ಊಟವಾಗುತ್ತಿತ್ತು. ಭಾವ ಫೋನ್ ಮಾಡಿ ಈಗ ತರಬೇಡ, ಹೊರಗಿನ ಹಕ್ಕಿಯನ್ನು ಹಿಂಡಿಗೆ ಸೇರಿಸಬಾರದು ಅಂತ ತೋಟದ ಯಜಮಾನರು ಹೇಳಿದ್ದಾರೆ ಅಂದರು. ಅದೂ ನ್ಯಾಯವೇ. ಹೆಬ್ಬಾಳದ ವೈದ್ಯರನ್ನು ಕೇಳಿದೆ. ಬೇರೆ ಹಕ್ಕಿಗಳ ಹತ್ತಿರ ಬಿಡಬೇಡಿ, ಹಿಕ್ಕೆ ಬಳಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಂಕಾದರೆ ಕೂಡಲೇ ತಿಳಿಸಿ ಅಂದರು. ಓನರ್ ಎದುರಿಗೆ ಫೋನನ್ನು ಸ್ಪೀಕರಿನಲ್ಲಿಟ್ಟು ಇನ್ನೊಮ್ಮೆ ಹೇಳಿಸಿದೆ. ಯುಗಾದಿ ತನಕ ಅಂತ ಒಪ್ಪಿಕೊಂಡರು. ಅಲ್ಲಿಯವರೆಗೆ ಹಿಂದಿನ ಬಾಲ್ಕನಿಯಿಂದ ಅದು ಹೊರಗೆ ಬರಲಿಲ್ಲ. ಹೊಲಿಸಲು ಬರುವವರೂ ಕಡಿಮೆಯಾದರು.

ಯುಗಾದಿ ಮುಗಿದ ಮೇಲೆ ಆಟೋದಲ್ಲಿ ತಾವರೆಕೆರೆಗೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ತುಪ್ಪಳ ಉದುರಿ ಬಿಳಿ ಗರಿ ಬಂದಿತ್ತು, ಕತ್ತು ಉದ್ದವಾಗಿತ್ತು. ಹಿಂಡು ಅದನ್ನು ಕಂಡಿದ್ದೇ ತಲೆ ತಗ್ಗಿಸಿ ಅಟ್ಟಿಸಿಕೊಂಡು ಬಂತು. ಭಾವ ಮೆಶ್ ಹಾಕಿ ಪಕ್ಕದಲ್ಲೇ ಬೇರೆ ಜಾಗ ಮಾಡಿದರು. ಒಂದನ್ನೊಂದು ನೋಡಿಕೊಂಡು, ಮೆಶ್‌ನ ಆಚೆ ಈಚೆ ಒಂದೇ ಹೊತ್ತಿಗೆ ಮೇವು ತಿಂದು ಅಭ್ಯಾಸವಾಗಲಿ ಅಂತ. ನಾನು ಹೊರಟಾಗ ಕೂಗಿತು. ಎಲೆಕ್ಟ್ರಿಕ್ ಪಂಪಿನ ಸದ್ದು ಬರುವ ಮೂಲೆಯಲ್ಲೇ ಮಲಗುತ್ತಿತ್ತು ಅಂತ ಅಕ್ಕ ಆಮೇಲೆ ಹೇಳಿದಳು. ಮೆಶ್ ತೆಗೆದ ಮೇಲೂ ಕೆಲವು ಕಾಲ ಹಿಂಡಿನ ಹಿಂದೆ ಹತ್ತಾರು ಅಡಿ ಬಿಟ್ಟು ನಡೆಯುತ್ತಿತ್ತಂತೆ. ಮಳೆಗಾಲ ಹಿಡಿಯುವ ಹೊತ್ತಿಗೆ ನಡುವೆ ಸೇರಿಕೊಂಡಿತು. ಎಡ ಪಾದ ಈಗಲೂ ಸ್ವಲ್ಪ ಒಳಕ್ಕೆ ತಿರುಗಿದೆ. ದೂರದಿಂದ ಗುರುತು ಹಿಡಿಯುವುದು ಅದರಿಂದಲೇ.

ಅದು ಗಂಡೋ ಹೆಣ್ಣೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ದನಿ ಕೇಳಿ ಭಾವ ಗಂಡು ಅನ್ನುತ್ತಾರೆ, ಅತ್ತೆ ಒಪ್ಪುವುದಿಲ್ಲ. ಮಾಗಿಯಲ್ಲಿ ಮೊಟ್ಟೆ ಇಟ್ಟರೆ ತಿಳಿಯುತ್ತದೆ, ಮರಿಯಾದರೆ ಒಂದು ನಿನಗೆ ಅಂತ ಅಕ್ಕ ಈಗಲೇ ಹೇಳಿಬಿಟ್ಟಿದ್ದಾಳೆ. ಅದು ಮದುವೆ ಸೀಸನ್ನು, ಎರಡೂ ಕಾಲು ನೆಟ್ಟಗಿರುವುದನ್ನು ನೋಡಿ ನೀನೇ ಇಟ್ಟುಕೋ ಅಂದೆ.