ಬೇಕರಿ ಚೆರ್ರಿ ನಮ್ಮ ಬೇಲಿಯದೇ

ಬೇಕರಿ ಕೇಕಿನ ಮೇಲೆ ಕೆಂಪಗೆ ಹೊಳೆಯುವ ಚೆರ್ರಿ ಇರುತ್ತದಲ್ಲ, ಬಹಳ ಕಡೆ ಅದು ಚೆರ್ರಿಯೇ ಅಲ್ಲ. ಕವಳೆ ಕಾಯಿ. ಬೀಜ ತೆಗೆದು, ಹುಳಿ, ಅಂಟು ಹೋಗಲು ಉಪ್ಪುನೀರಿನಲ್ಲಿ ನೆನೆಸಿ, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ಇಳಿಸುತ್ತಾರೆ. ನಿಜವಾದ ಚೆರ್ರಿ ಕಾಶ್ಮೀರ, ಹಿಮಾಚಲದಂಥ ಚಳಿ ಸೀಮೆಯದು. ಇದು ತಿಳಿದ ಮೇಲೆ ಮಗಳ ಹುಟ್ಟುಹಬ್ಬಕ್ಕೆ ಕವಳೆ ಹಣ್ಣಿನ ಕೇಕನ್ನು ಮನೆಯಲ್ಲೇ ಮಾಡೋಣ ಅಂದುಕೊಂಡೆವು.

ಆದರೆ ಹಣ್ಣು ಎಲ್ಲಿ? ನಾವು ಚಿಕ್ಕವರಿದ್ದಾಗ ಆನೇಕಲ್ ಕಡೆ ಹೊಲದ ಬೇಲಿಯಲ್ಲಿ, ಕೆರೆ ಏರಿಯಲ್ಲಿ ಕವಳೆ ಗಿಡ ಇದ್ದೇ ಇರುತ್ತಿತ್ತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್ ಶುರು ಮಾಡಿದ ಎಲೆಕ್ಟ್ರಾನಿಕ್ ಸಿಟಿಯ ಆಚೆಗೂ ಈಗ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆವರೆಗೆ ಕಾರ್ಖಾನೆ, ಲೇಔಟು. ಬೇಲಿ ಇದ್ದಲ್ಲಿ ಕಾಂಪೌಂಡು ಬಂದಿದೆ.

ಜೂನ್ ತಿಂಗಳ ಒಂದು ಭಾನುವಾರ ಜಿಗಣಿ ಆಚೆ ಹೊಸ ಲೇಔಟಿನ ಸುದ್ದಿಗೆ ಫೋಟೊ ಬೇಕಿತ್ತು. ಮಗಳನ್ನೂ ಬೈಕಿನಲ್ಲಿ ಕೂರಿಸಿಕೊಂಡು ಹೋದೆವು. ಜೆಸಿಬಿ ನಿಂತಿದ್ದ ಹೊಲದ ಅಂಚಿಗೆ ಒಂದು ಸಾಲು ಕವಳೆ ಉಳಿದಿತ್ತು. ಮೈತುಂಬ ಕಪ್ಪು ಹಣ್ಣು. ಪಕ್ಕದ ಹೊಲದ ಅಜ್ಜಿಯನ್ನು ಕೇಳಿದೆವು.

‘ನಾಳೆ ಇದೂ ಹೋಯ್ತದೆ. ಬೇಕಾದಷ್ಟು ಕಿತ್ಕೊಳ್ರಪ್ಪ’ ಅಂದರು.

ಕವಳೆ ಕೀಳುವುದೆಂದರೆ ಮುಳ್ಳಿನ ಜೊತೆ ಜಗಳ. ಕೈಯೆಲ್ಲ ಗೀರು, ಬೆರಳೆಲ್ಲ ಹಾಲಿನಂಥ ಅಂಟು. ಮಗಳ ನಾಲಿಗೆ ನೇರಳೆ ಬಣ್ಣ! ಒಂದು ಮಾತು: ಗೊತ್ತಿಲ್ಲದ ಹಣ್ಣನ್ನು ಮಕ್ಕಳ ಕೈಗೆ ಕೊಡಬೇಡಿ. ವಿಷದ ಕಣಗಿಲೆಯೂ ಕವಳೆಯ ಕುಟುಂಬದ್ದೇ. ಗೊತ್ತಿರುವ ಹಿರಿಯರಿಗೆ ತೋರಿಸಿಯೇ ತಿನ್ನಿ. ಕಾರ್ಖಾನೆ ನೀರು ಹರಿಯುವ ಕಾಲುವೆ ಪಕ್ಕದ್ದಂತೂ ಬೇಡ.

ಮನೆಯಲ್ಲಿ ಓವನ್ ಇಲ್ಲ. ಎರಡು ಹಿಡಿ ಹಣ್ಣಿನ ಬೀಜ ತೆಗೆದು ಬೆಲ್ಲದ ಜೊತೆ ಗಟ್ಟಿಯಾಗುವವರೆಗೆ ಬೇಯಿಸಿದೆವು. ಒಂದೂವರೆ ಲೋಟ ಚಿರೋಟಿ ರವೆ, ಮುಕ್ಕಾಲು ಲೋಟ ಸಕ್ಕರೆ, ಅಷ್ಟೇ ಮೊಸರು, ಅರ್ಧ ಲೋಟ ಹಾಲು, ಕಾಲು ಲೋಟ ಎಣ್ಣೆ ಕಲಸಿ ಇಪ್ಪತ್ತು ನಿಮಿಷ ಬಿಟ್ಟೆವು. ಕೊನೆಗೆ ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಅಡುಗೆ ಸೋಡ. ಎಣ್ಣೆ ಸವರಿದ ಪಾತ್ರೆಗೆ ಸುರಿದು ಮೇಲೆ ಹಣ್ಣಿನ ಪಾಕ ಹಾಕಿದೆವು. ದಪ್ಪ ತಳದ ದಬರಿಯಲ್ಲಿ ಮರಳು ಕಾಯಿಸಿ, ಪಾತ್ರೆ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ತಳ ಸ್ವಲ್ಪ ಸೀದಿತ್ತು. ಆದರೂ ಆ ಹುಳಿ-ಸಿಹಿ ಯಾವ ಬೇಕರಿಯಲ್ಲೂ ಸಿಗದು.

ಮರುದಿನ ಅಜ್ಜಿಗೂ ಒಂದು ತುಂಡು ಒಯ್ದೆವು. ಕವಳೆ ಸಾಲು ಇರಲಿಲ್ಲ, ಮಣ್ಣು ಮಟ್ಟವಾಗಿತ್ತು. ಅಜ್ಜಿ ತಿಂದು, ‘ಚೆನ್ನಾಗದೆ’ ಅಂದರು. ಆಮೇಲೆ ಕೇಳಿದರು: ‘ಬೀಜ ಏನ್ ಮಾಡಿದ್ರಿ?’

ತಿಪ್ಪೆಗೆ ಎಸೆದಿದ್ದೆವು. ಬಾಯಿ ಬರಲಿಲ್ಲ. ನಮ್ಮ ಸುದ್ದಿಯಲ್ಲೂ ಅಷ್ಟೇ: ಎಷ್ಟು ಎಕರೆ, ಎಷ್ಟು ಸೈಟು, ಚದರಡಿಗೆ ಏನು ರೇಟು ಎಂದೆಲ್ಲ ಬರೆದಿದ್ದೆವು. ಬೇಲಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸಂಜೆ ಮನೆಗೆ ಬಂದು ಮೂವರೂ ತಿಪ್ಪೆ ಕೆದಕಿದೆವು. ಸಿಕ್ಕ ಬೀಜಗಳನ್ನು ತೊಳೆದು, ಹಾಲಿನ ಕವರುಗಳಲ್ಲಿ ಮಣ್ಣು ತುಂಬಿ ಆವತ್ತೇ ಊರಿದೆವು. ಕವಳೆ ಬೀಜ ಹಣ್ಣಿನಿಂದ ತೆಗೆದ ಮೇಲೆ ಬೇಗ ಬಿತ್ತಬೇಕು, ಇಟ್ಟಷ್ಟೂ ಮೊಳಕೆ ಕಡಿಮೆ. ಈಗ ಏಳು ಸಸಿ ಎದ್ದಿವೆ. ಮುಂದಿನ ಮಳೆಗೆ ಎರಡು ಅಜ್ಜಿಯ ಹೊಲದ ಬದುವಿಗೆ, ಉಳಿದವು ನಮ್ಮ ಹಿತ್ತಲಿಗೆ. ಬೇರೂರಿದರೆ ಹೆಚ್ಚು ನೀರು ಕೇಳದ ಗಿಡ ಇದು, ಮುಳ್ಳಿನಿಂದ ದನಕರುವನ್ನೂ ತಡೆಯುತ್ತದೆ.

ನಿಮ್ಮೂರ ಬೇಲಿಯಲ್ಲಿ ಕವಳೆ ಇದ್ದರೆ ಈ ಸಲ ಹಣ್ಣು ತಿನ್ನಿ, ಕೇಕೂ ಮಾಡಿ. ಬೀಜ ಮಾತ್ರ ಎಸೆಯಬೇಡಿ.