ಏರಿನಲ್ಲಿ ಇಬ್ಬರೂ ಸಮ

ಡೆನ್ವರ್
ಅಕ್ಟೋಬರ್ ಮೊದಲ ವಾರ

ಪ್ರೀತಿಯ ಗೆಳತಿ,

ನಾಯಿಯನ್ನೂ ಸೈಕಲ್ಲನ್ನೂ ಒಟ್ಟಿಗೆ ಬೆಟ್ಟಕ್ಕೆ ಕರೆದೊಯ್ಯಬಹುದಾ ಅಂತ ಕೇಳಿದ್ದೆಯಲ್ಲ. ಖಂಡಿತ ಒಯ್ಯಬಹುದು. ಆದರೆ ದಾರಿಯನ್ನು ನಾಯಿಯ ಕಾಲು ನೋಡಿ ಆರಿಸಬೇಕು. ನಾವು ಮನೆಯವರಿಬ್ಬರೂ ನಮ್ಮ ನಾಯಿ ಬೆಲ್ಲನ ಜೊತೆ ಕೆನೋಶಾ ಪಾಸ್‌ಗೆ ಹೋಗಿ ಈಗಷ್ಟೇ ಬಂದಿದ್ದೇವೆ. ಮರೆಯುವ ಮೊದಲೇ ಬರೆದುಬಿಡುತ್ತೇನೆ.

ಇಲ್ಲಿಂದ 285ನೇ ಹೆದ್ದಾರಿ ಹಿಡಿದು ಸುಮಾರು ನೂರು ಕಿಲೋಮೀಟರ್ ಹೋದರೆ ಕೆನೋಶಾ. ಎತ್ತರ ಮೂರು ಸಾವಿರ ಮೀಟರಿಗೂ ಮೇಲೆ. ನಾವು ಕಾಲೇಜಿನಲ್ಲಿದ್ದಾಗ ಏದುಸಿರು ಬಿಡುತ್ತ ಹತ್ತಿದ ಮುಳ್ಳಯ್ಯನಗಿರಿಯೇ 1,930 ಮೀಟರ್, ಲೆಕ್ಕ ಹಾಕಿಕೋ. ಡೆನ್ವರಿನಿಂದ ಡುರಾಂಗೊವರೆಗೆ ಹೋಗುವ ಕೊಲರಾಡೊ ಟ್ರೇಲ್ ಇಲ್ಲಿ ಹೆದ್ದಾರಿಯನ್ನು ದಾಟುತ್ತದೆ. ಪಶ್ಚಿಮಕ್ಕೆ ಹೊರಳಿದರೆ ಆಸ್ಪೆನ್ ಕಾಡು, ಅದರ ಕೆಳಗೆ ಸೌತ್ ಪಾರ್ಕ್ ಎಂಬ ಕಣ್ಣು ಹಾಯುವಷ್ಟು ದೂರದ ಹುಲ್ಲುಗಾವಲು.

ಆಸ್ಪೆನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಒಂದು ಇಳಿಜಾರು ಪೂರ್ತಿ ಹಳದಿ, ಪಕ್ಕದ್ದು ಇನ್ನೂ ಹಸಿರು. ಒಂದೇ ಬೇರಿನ ಜಾಲದಿಂದ ನೂರಾರು ಕಾಂಡಗಳು ಮೇಲೇಳುತ್ತವೆ. ನೋಡಲು ತೋಪು, ನಿಜದಲ್ಲಿ ಒಂದೇ ಮರ. ಅದಕ್ಕೇ ಅವೆಲ್ಲ ಒಟ್ಟಿಗೆ ಬಣ್ಣ ತಿರುಗುತ್ತವೆ. ಯೂಟಾದಲ್ಲಿರುವ ‘ಪಾಂಡೊ’ ಎಂಬ ಇಂಥದೇ ಒಂದು ಮರ ನೂರು ಎಕರೆಗೂ ಹೆಚ್ಚು ಹಬ್ಬಿದೆ. ಎಲೆಯ ತೊಟ್ಟು ಚಪ್ಪಟೆ, ಹಾಗಾಗಿ ಗಾಳಿ ಇದೆಯೆಂದು ನಮಗೆ ಗೊತ್ತಾಗುವ ಮೊದಲೇ ಅರಳಿಮರದ ಹಾಗೆ ಇಡೀ ಕಾಡು ಸರಸರ ಅಲುಗುತ್ತದೆ. ಬೆಲ್ಲ ಕಿವಿ ನಿಮಿರಿಸಿ ನಿಂತೇಬಿಟ್ಟ.

ಶನಿವಾರ ಸೈಕಲ್. ಏರಿನಲ್ಲಿ ನಾಯಿಯೂ ನಾವೂ ಸಮ. ನಾವು ಸಣ್ಣ ಗೇರಿನಲ್ಲಿ ತುಳಿಯುತ್ತಿದ್ದರೆ ಅವನು ಮೂಸುತ್ತ, ನಿಲ್ಲುತ್ತ ಆರಾಮಾಗಿ ಬರುತ್ತಾನೆ. ಇಳಿಜಾರಿನಲ್ಲಿ ಮಾತ್ರ ಲೆಕ್ಕ ಬೇರೆ. ನಮಗೆ ಚಕ್ರ, ಬ್ರೇಕು, ಶಾಕ್ ಅಬ್ಸಾರ್ಬರ್ ಇವೆ. ಪ್ರತಿ ಕಲ್ಲಿನ ಏಟೂ ಅವನ ಕೀಲಿಗೆ, ಅಂಗಾಲಿಗೆ. ಯಜಮಾನ ಓಡಿದರೆ ನಾಯಿ ಸುಸ್ತಾದರೂ ನಿಲ್ಲುವುದಿಲ್ಲ. ಈ ನಿಷ್ಠೆಯನ್ನು ನಾವು ದುರುಪಯೋಗ ಮಾಡಿಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದ್ದರಿಂದ ಬೆಲ್ಲನ ಜೊತೆ ಹತ್ತಿದಷ್ಟು ದೂರವನ್ನು ಸೈಕಲ್ ತಳ್ಳಿಕೊಂಡು ನಡೆದೇ ಇಳಿದೆವು. ಆಮೇಲೆ ಸರದಿ: ಒಬ್ಬರು ಅವನ ಜೊತೆ ಬಿಸಿಲು ಕಾಯಿಸುತ್ತ ಕೂತರೆ, ಇನ್ನೊಬ್ಬರು ಜಾರ್ಜಿಯಾ ಪಾಸ್ ಕಡೆಗೆ ಮನಸ್ಸು ತುಂಬುವಷ್ಟು ತುಳಿದು ಬರುವುದು. ಆ ಪಾಸ್ 3,500 ಮೀಟರಿಗೂ ಎತ್ತರದಲ್ಲಿದೆ, ಮರಗಳೆಲ್ಲ ಕೆಳಗೇ ಉಳಿಯುತ್ತವೆ.

ಭಾನುವಾರ ಪೂರ್ತಿ ಬೆಲ್ಲನದು. ಪೂರ್ವಕ್ಕಿರುವ ಲಾಸ್ಟ್ ಕ್ರೀಕ್ ವನ್ಯಪ್ರದೇಶಕ್ಕೆ ಹೋದೆವು. 1964ರ ವೈಲ್ಡರ್ನೆಸ್ ಕಾಯ್ದೆಯ ಪ್ರಕಾರ ಅಂಥ ಕಾಡಿಗೆ ಮೋಟಾರು ಗಾಡಿ ಮಾತ್ರವಲ್ಲ, ಸೈಕಲ್ಲೂ ನಿಷಿದ್ಧ. ಸೈಕಲ್ ಪ್ರಿಯರಲ್ಲಿ ಕೆಲವರಿಗೆ ಇದರ ಮೇಲೆ ಕೋಪವಿದೆ. ನನಗಿಲ್ಲ. ಹಿಂದಿನಿಂದ ಯಾರೂ ರಭಸವಾಗಿ ಬರುವುದಿಲ್ಲ ಎಂಬ ಧೈರ್ಯದಲ್ಲಿ ನಾಯಿಯ ಜೊತೆ ನಡೆಯುವ ಸುಖವೇ ಬೇರೆ. ಬೆಲ್ಲನ ಕೊರಳಿಗೆ ಹಗ್ಗ ಇದ್ದೇ ಇತ್ತು. ಜಿಂಕೆಯ ವಾಸನೆ ಬಡಿದರೆ ಯಾವ ನಾಯಿಗೂ ನಮ್ಮ ಮಾತು ಕೇಳಿಸದು.

ನೀನು ಬರುವಾಗ ನೆನಪಿಡು: ನೀನಿರುವ ಹ್ಯೂಸ್ಟನ್ ಹೆಚ್ಚುಕಡಿಮೆ ಸಮುದ್ರದ ಮಟ್ಟದಲ್ಲಿದೆ, ಆದ್ದರಿಂದ ಎತ್ತರಕ್ಕೆ ಒಗ್ಗಲು ಮೊದಲ ದಿನ ನಮ್ಮ ಮನೆಯಲ್ಲಿ ಸುಮ್ಮನೆ ಇದ್ದುಬಿಡಿ. ನಿನಗೆಷ್ಟೋ ನಿನ್ನ ನಾಯಿಮರಿಗೂ ಅಷ್ಟೇ ವಿಶ್ರಾಂತಿ ಬೇಕು. ಅಂದಹಾಗೆ, ಮರಿಯ ಮೂಳೆ ಬಲಿಯುವವರೆಗೆ ಸೈಕಲ್ ಹಿಂದೆ ಓಡಿಸಲೇಬೇಡ, ಡಾಕ್ಟರನ್ನು ಕೇಳಿಯೇ ಶುರುಮಾಡು. ತೊರೆ ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಜಿಯಾರ್ಡಿಯಾ ಎಂಬ ರೋಗಾಣು ಇರಬಹುದು, ಅದಕ್ಕೆ ಮನೆಯಿಂದಲೇ ನೀರು ಒಯ್ಯೋಣ. ಶರತ್ಕಾಲ ಬೇಟೆಯ ಕಾಲವೂ ಹೌದು, ಮರಿಗೆ ಕಿತ್ತಳೆ ಬಣ್ಣದ ಜಾಕೆಟ್ ಬೇಕು. ಅದರ ಎದೆಯ ಸುತ್ತಳತೆ ಬರೆದು ಕಳಿಸು, ನಾನೇ ತಂದಿಡುತ್ತೇನೆ.

ನಿನ್ನ ಪ್ರೀತಿಯ
ಗೆಳತಿ