ತೊಗರಿ ಕಟಿಗೆಯ ದಿನಗಳು

14 ಡಿಸೆಂಬರ್ 2024, ಶನಿವಾರ, ಸಿಂದಗಿ

ಆಶಾ ಕಾರ್ಯಕರ್ತೆಯ ಜೊತೆ ಇವತ್ತು ಬಾಣಂತಿ ಮನೆಗೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೇ ಹೋಗಿ ನೋಡಬೇಕೆಂಬ ನಿಯಮವಿದೆ. ಈ ಕೂಸಿಗೆ ಇಂದು ಹದಿನಾಲ್ಕು. ಬಾಗಿಲು ದೂಡಿ ಒಳಹೊಕ್ಕರೆ ಏನೂ ಕಾಣಲಿಲ್ಲ. ಥಂಡಿ ಗಾಳಿ ಬರಬಾರದೆಂದು ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹೊರಸು ಕಂಡಿತು. ಅದರ ಕೆಳಗೆ ಕಬ್ಬಿಣದ ಪುಟ್ಟಿ, ಪುಟ್ಟಿಯಲ್ಲಿ ಕುಳ್ಳಿನ ಕೆಂಡ, ಕೆಂಡದ ಮೇಲೆ ಅಜವಾನ ಮತ್ತು ಬೆಳ್ಳುಳ್ಳಿ ಸಿಪ್ಪೆ. ಹೊರಸಿನ ಹಗ್ಗದ ಸಂದಿಯಿಂದ ಎದ್ದ ಹೊಗೆ ಕೌದಿಯಲ್ಲಿ ಸುತ್ತಿದ ಕೂಸಿನ ಮುಖದ ಮೇಲೆಯೇ ಹಾಯುತ್ತಿತ್ತು.

“ಹಸೀ ಮೈ ಅದರೀ ಸಿಸ್ಟರ್. ಕಾಸಲಿಲ್ಲಂದ್ರ ಸನ್ನಿ ಆಗ್ತದ,” ಎಂದರು ಬಾಣಂತಿಯ ತಾಯಿ.

ಅವರ ಭಯವನ್ನು ತಳ್ಳಿಹಾಕುವಂತಿಲ್ಲ. ಈ ಚಳಿಯಲ್ಲಿ ಹಸುಗೂಸಿನ ಮೈ ತಣ್ಣಗಾದರೆ ಜೀವಕ್ಕೇ ಅಪಾಯ. “ಯವ್ವಾ, ಬೆಚ್ಚಗ ಇಡಬ್ಯಾಡ್ರಿ ಅನ್ನಂಗಿಲ್ಲ ನಾ. ಹೊಗಿ ಅಷ್ಟ ಬ್ಯಾಡ,” ಎಂದೆ. ಕೂಸನ್ನು ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ ಕೌದಿ ಹೊದಿಸಿದೆವು. ಬಾಣಂತಿಯ ಬೆನ್ನಿಗೆ ಬಿಸಿನೀರಿನ ರಬ್ಬರ್ ಚೀಲ ಕೊಟ್ಟೆವು. ಪುಟ್ಟಿ ಹೊರಗೆ ಹೋಯಿತು. ಹೊಗೆ ಹೋದ ಕೆಂಡವನ್ನಾದರೂ ತಂದಿಡಲೇ ಎಂದು ಅಜ್ಜಿ ಕೇಳಿದರು. ಅದೂ ಬೇಡ ಎಂದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ 32 ಲಕ್ಷ ಜನ ಸಾಯುತ್ತಾರೆ, ಅವರಲ್ಲಿ 2,37,000ಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಇದು 2020ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕ. ಆ ಹೊರಸಿನ ಮುಂದೆ ನಿಂತಾಗ ನೆನಪಾಗಿದ್ದು ಅದೇ.

22 ಡಿಸೆಂಬರ್, ರವಿವಾರ

ತೊಗರಿ ಕಟಾವಿನ ಕಾಲ. ರಾಶಿಯಾದ ಹೊಲದ ಕಟಿಗೆಗೆ ದುಡ್ಡು ಕೊಡಬೇಕಿಲ್ಲ. ಕೂಲಿಗೆ ಹೋದ ಹೆಣ್ಣುಮಕ್ಕಳು ಸಂಜೆ ಒಂದು ಹೊರೆ ಹೊತ್ತೇ ಬರುತ್ತಾರೆ. ಮುಂದೆ ಹತ್ತಿ ಕಟಿಗೆ ಬರುತ್ತದೆ. ಅದೂ ಸಾಲದಿದ್ದರೆ ಹಳ್ಳದ ದಂಡೆಯ ಜಾಲಿ. ಸಿಲಿಂಡರು ಮೂಲೆ ಸೇರುವುದು ಈ ಚಳಿಗಾಲದಲ್ಲೇ, ನಮ್ಮ ಉಪಕೇಂದ್ರಕ್ಕೆ ಕೆಮ್ಮಿನವರು ಹೆಚ್ಚುವುದೂ ಈಗಲೇ. ಬೀಡಿಯನ್ನು ಕೈಯಲ್ಲಿ ಹಿಡಿಯದ ಅವ್ವಂದಿರಿಗೆ ಬೀಡಿ ಸೇದುವವರ ಉಬ್ಬಸ.

30 ಡಿಸೆಂಬರ್, ಸೋಮವಾರ, ಇಂಡಿ

ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಲಿಂಬಿ ಗಿಡಗಳ ಬದಿಗೆ ಕೂತು ಊಟ ಮಾಡಿ ಬಂದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ.

ಅತ್ತೆಯ ಮನೆಯಲ್ಲಿ ಗ್ಯಾಸ್ ಇದೆ. ಚಹಾ, ಅನ್ನ, ಸಾರು ಎಲ್ಲ ಅದರ ಮೇಲೆ. ರೊಟ್ಟಿಗೆ ಮಾತ್ರ ಕಟಿಗೆ ಒಲೆಯೇ ಆಗಬೇಕು. “ಗ್ಯಾಸಿನ ಮ್ಯಾಲ ಹಂಚಿನ ನಡುಕ ಅಷ್ಟ ಕಾಯ್ತದ, ಅಂಚು ಹಸೀನ ಉಳೀತದ. ಸುಡಾಕ ಕೆಂಡ ಎಲ್ಲಿಂದ ತರ್ಲಿ?” ಎನ್ನುತ್ತಾರೆ. ನಸುಕಿನಲ್ಲಿ ಪಕ್ಕದಲ್ಲೇ ಕೂತು ನೋಡಿದೆ. ಬಡಿದ ರೊಟ್ಟಿ ಹಂಚಿಗೆ ಬಿತ್ತು. ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ನೀರು ಆರಿದ ಕೂಡಲೇ ತಿರುವಿ, ಆಮೇಲೆ ಒಲೆಯ ಬಾಯಿಗೆ ಎಳೆದಿದ್ದ ಕೆಂಡಕ್ಕೆ ಒರಗಿಸಿ ನಿಲ್ಲಿಸಿದರು. ಎಲ್ಲೂ ಹರಿಯದೆ ಪೂರ್ತಿ ಉಬ್ಬಿತು. ಇಷ್ಟು ಅಚ್ಚುಕಟ್ಟಾದ ಕೆಲಸ ಬಲ್ಲವರಿಗೆ “ಒಲಿ ಬಿಡ್ರಿ” ಎಂದು ಹೇಳಿದರೆ ಯಾಕೆ ಕೇಳುತ್ತಾರೆ?

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸುಧಾರಿತ ಒಲೆ ಕೊಟ್ಟು ಪರೀಕ್ಷೆ ಮಾಡಿದ್ದರು. 2016ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೊಸ ಒಲೆ ಪಡೆದ ಮನೆಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಮನೆಯವರು ಹಳೇ ಒಲೆಯನ್ನೂ ಹಚ್ಚುತ್ತಲೇ ಇದ್ದರು. ರೊಟ್ಟಿಗೆ ಹೊಂದದ ಒಲೆ ನಮ್ಮ ನಾಡಿನಲ್ಲಿ ಅಡುಗೆಮನೆಯ ಒಲೆ ಆಗಲಾರದು. ಯೋಜನೆ ಮಾಡುವವರು ಮೊದಲು ಒಂದು ಹೊತ್ತು ರೊಟ್ಟಿ ಸುಡುವವರ ಪಕ್ಕ ಕೂರಬೇಕು.

5 ಜನವರಿ 2025, ರವಿವಾರ, ಮುದ್ದೇಬಿಹಾಳ

ತವರಿಗೆ ಬಂದಿದ್ದೇನೆ. ಹಿತ್ತಲಿನಲ್ಲಿ ಹಳೇ ಅಸ್ತ್ರ ಒಲೆಯ ಸಿಮೆಂಟ್ ಪೈಪು ಇನ್ನೂ ಬಿದ್ದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದ ಒಲೆ ಅದು. ಉರುವಲು ಹಾಕುವ ಬಾಯಿಗೆ ಮುಚ್ಚಳ, ಒಳಗೆ ಗಾಳಿಯಾಡಲು ಜಾಲರಿ. ಒಂದೇ ಉರಿ ಮೂರು ಪಾತ್ರೆಗಳ ಕೆಳಗೆ ಹಾಯ್ದು ಕೊಳವೆಯಿಂದ ಮಾಳಿಗೆಯ ಮೇಲೆ ಹೋಗುತ್ತಿತ್ತು. ಹೊಗೆಯೆಂದರೆ ಪೂರ್ತಿ ಉರಿಯದೆ ಉಳಿದ ಕಟಿಗೆ. ಉರಿಗೆ ಗಾಳಿ ಸರಿಯಾಗಿ ಸಿಕ್ಕರೆ ಕಟಿಗೆಯೂ ಉಳಿಯುತ್ತದೆ, ಹೊಗೆಯೂ ಇಳಿಯುತ್ತದೆ. ಈ ಸರಳ ವಿಚಾರದ ಮೇಲೆ ಅಷ್ಟು ಒಳ್ಳೆಯ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿತ್ತೆಂಬುದು ನನಗೆ ಹೆಮ್ಮೆ.

ಅವ್ವ ಅದನ್ನು ಯಾಕೆ ಕೆಡವಿಸಿದಳು ಎಂದು ಕೇಳಿದೆ. “ತೂತು ಹಳೀ ಬೋಗೋಣಿ ಅಳತಿಗೆ ಮಾಡಿದ್ದು. ಬೋಗೋಣಿ ಬದಲಾತು, ಸಂದಿನ್ಯಾಗ ಹೊಗಿ ಬರಾಕ ಹತ್ತಿತು. ಪೈಪಿನ್ಯಾಗ ಮಸಿ ತುಂಬಿತು. ಕಟ್ಟಿದ ಗೌಂಡಿ ಮತ್ತ ಈ ಕಡೆ ಬರಲಿಲ್ಲ ನೋಡವ್ವ.” 1983ರ ಹೊತ್ತಿಗೆ ಶುರುವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತೇ ಹೋಯಿತು. ಒಲೆ ಕಟ್ಟಿದ ಲೆಕ್ಕ ಇಟ್ಟಷ್ಟು ಕಾಳಜಿಯಿಂದ ಪೈಪು ತೊಳೆಯುವವರನ್ನೂ ತಯಾರು ಮಾಡಿದ್ದರೆ!

ಮಾಳಿಗೆ ಮನೆಗೆ ಬೆಳಕಿಂಡಿ ಇತ್ತು, ಹೊಗೆ ಅಲ್ಲಿಂದ ಏಳುತ್ತಿತ್ತು. ಅದರ ಪಕ್ಕ ಈಗ ತಮ್ಮ ಕಟ್ಟಿಸಿದ ಆರ್‌ಸಿಸಿ ಮನೆಗೆ ಬೆಳಕಿಂಡಿಯೂ ಇಲ್ಲ, ಕೊಳವೆಯೂ ಇಲ್ಲ. ಹೊಸ ಗೋಡೆಯ ಸುಣ್ಣದ ಮೇಲೆ ಆಗಲೇ ಇಲ್ಲಣ ಜೋತುಬಿದ್ದಿದೆ.

11 ಜನವರಿ, ಶನಿವಾರ, ಸಿಂದಗಿ

42ನೇ ದಿನದ ಭೇಟಿ. ಕೂಸಿನ ತೂಕ ಚೆನ್ನಾಗಿ ಏರಿದೆ. ಕಿಟಕಿ ತೆರೆದಿದ್ದರು. ಆದರೆ ಪಕ್ಕದ ಮನೆಯ ನೀರೊಲೆ ಆ ಕಿಟಕಿಯ ಕೆಳಗೇ ಇದೆ. ಹಂಡೆ ಕಾಯಿಸಲು ಹಸಿ ಜಾಲಿಗೆ ಸೀಮೆಎಣ್ಣೆ ಅರಿವೆ ಸೇರಿಸಿ ಹಚ್ಚಿದ್ದರು. ಒಂದು ಮನೆಯನ್ನಷ್ಟೇ ತಿದ್ದಿ ಫಲವಿಲ್ಲ, ಓಣಿಯನ್ನೇ ಹಿಡಿಯಬೇಕು. ಚಳಿಗಾಲದ ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಹೊಗೆ ಮೇಲೇಳದೆ ಓಣಿಯಲ್ಲೇ ಹಾಸಿಕೊಳ್ಳುತ್ತದೆ. ಎಲ್ಲರ ನೀರೊಲೆಯೂ ಹತ್ತುವುದು ಅದೇ ಹೊತ್ತಿಗೆ.

19 ಜನವರಿ, ರವಿವಾರ, ಬಸವನ ಬಾಗೇವಾಡಿ

ನನ್ನ ಗೆಳತಿ ಇಲ್ಲಿನ ಶಾಲೆಯೊಂದರಲ್ಲಿ ಅಕ್ಷರ ದಾಸೋಹದ ಅಡುಗೆ ಮಾಡುತ್ತಾಳೆ. ಅಲ್ಲಿ ಅಷ್ಟೂ ಮಕ್ಕಳ ಅನ್ನ, ಸಾರು ಗ್ಯಾಸಿನ ಮೇಲೆ. ಮನೆಗೆ ಬಂದು ತನ್ನ ಮೂವರು ಮಕ್ಕಳಿಗೆ ಬೇಯಿಸುವುದು ತೊಗರಿ ಕಟಿಗೆಯ ಮೇಲೆ. ಉಜ್ವಲಾ ಸಂಪರ್ಕ ಅವಳಿಗೂ ಇದೆ. 2023ರ ಅಕ್ಟೋಬರಿನಿಂದ ಉಜ್ವಲಾದವರಿಗೆ ಸಿಲಿಂಡರಿಗೆ 300 ರೂಪಾಯಿ ಸಹಾಯಧನ ಸಿಗುತ್ತದೆ ನಿಜ, ಆದರೆ 14.2 ಕಿಲೋದ ಸಿಲಿಂಡರಿಗೆ ಎಂಟುನೂರರ ಮೇಲಿನ ಹಣವನ್ನು ಮೊದಲು ಪೂರ್ತಿ ಕೊಟ್ಟಿರಬೇಕು. “ಗೃಹಲಕ್ಷ್ಮಿ ರೊಕ್ಕ ಬಂದ ತಿಂಗಳ ಸಿಲಿಂಡರ್ ತರ್ತೀನಿ, ಇಲ್ಲಂದ್ರ ಇಲ್ಲ,” ಎಂದಳು.

ಉಜ್ವಲಾದಲ್ಲಿ 5 ಕಿಲೋ ಸಿಲಿಂಡರನ್ನೂ ಪಡೆಯಬಹುದು. ವಾರದ ಕೂಲಿಯವರ ಕೈಗೆಟುಕುವುದು ಅದೇ. ಅವಳು ಕೇಳಿದಾಗ ಅಂಗಡಿಯವರು “ಸ್ಟಾಕ್ ಇಲ್ಲ” ಎಂದು ಕಳಿಸಿದರಂತೆ. ಸೋಮವಾರ ನಾವಿಬ್ಬರೂ ಸೇರಿ ಅರ್ಜಿ ಬರೆದು ಕೊಡುವುದೆಂದು ನಿಶ್ಚಯಿಸಿದೆವು.

2 ಫೆಬ್ರುವರಿ, ರವಿವಾರ, ಸಿಂದಗಿ

ಓಣಿಯ ಹೆಣ್ಣುಮಕ್ಕಳೆಲ್ಲ ಗುಡಿಯ ಕಟ್ಟೆಯ ಮೇಲೆ ಕೂಡಿದ್ದರು. ರೊಟ್ಟಿ ಒಲೆಯ ಸುದ್ದಿಗೆ ನಾನು ಹೋಗಲಿಲ್ಲ. ನೀರೊಲೆಯಿಂದ ಶುರು ಮಾಡಿದೆ, ಸ್ನಾನದ ನೀರಿಗೆ ರುಚಿಯ ತಕರಾರಿಲ್ಲ. ಕೊನೆಗೆ ಒಪ್ಪಿದ್ದು ಇಷ್ಟು: ಗೃಹಜ್ಯೋತಿಯ ಉಚಿತ ವಿದ್ಯುತ್ತಿನ ಮಿತಿಯಲ್ಲಿ ಉಳಿಯುವವರು ಕಾಯಿಲ್‌ನಲ್ಲಿ ಕಾಯಿಸಿಕೊಳ್ಳುವುದು, ಕಾಯಿಲ್ ಅದ್ದಿದ ನೀರಿಗೆ ಸ್ವಿಚ್ ಆರಿಸದೆ ಕೈ ಹಾಕದಿರುವುದು. ಉಳಿದವರು ನೀರೊಲೆಗೆ ನಾಲ್ಕಿಂಚಿನ ಪೈಪು ಹಾಕಿಸಿ ಮಾಳಿಗೆಯ ಎತ್ತರ ದಾಟಿಸುವುದು. ಕಟಿಗೆಯನ್ನು ಸಣ್ಣಗೆ ಸೀಳಿ ತಾಡಪಾಲಿನ ಕೆಳಗೆ ಒಣಗಿಸಿ ಇಡುವುದು. ಪ್ಲಾಸ್ಟಿಕ್ಕು, ಹಳೇ ಚಪ್ಪಲಿ ಒಲೆಗೆ ಹಾಕದಿರುವುದು. ರೊಟ್ಟಿಯವರು ಬೇಕಾದರೆ ಒಲೆಯನ್ನು ಚಪ್ಪರದ ಕೆಳಗೆ ಹೊರಗೆ ತರಲಿ ಎಂದು ಬಾಣಂತಿಯ ತಾಯಿಯೇ ಎದ್ದು ಹೇಳಿದರು. ಅವರ ಮಾತಿಗಿದ್ದ ತೂಕ ನನ್ನ ಮಾತಿಗೆ ಬರುತ್ತಿರಲಿಲ್ಲ.

ಪೈಪಿನ ಮಸಿ ತೆಗೆಯುವ ಸರದಿಯನ್ನೂ ಇವತ್ತೇ ಬರೆದಿಟ್ಟೆವು. ಮೂಲೆಮನೆಯ ಕಾಕು ಮಾತ್ರ ಒಪ್ಪಿಲ್ಲ, ಮಾಳಿಗೆಗೆ ತೂತು ಬಿದ್ದರೆ ಮಳೆಗಾಲದಲ್ಲಿ ಸೋರುತ್ತದೆ ಎಂಬ ಚಿಂತೆ ಅವರಿಗೆ. ಗೋಡೆಯಿಂದ ಹೊರಗೆ ತೆಗೆದು ಬಗ್ಗು ಹಾಕಿ ಏರಿಸಬಹುದಂತೆ. ಬುಧವಾರ ಗೌಂಡಿಯನ್ನು ಕರೆದುಕೊಂಡೇ ಅವರ ಮನೆಗೆ ಹೋಗುತ್ತೇನೆ.